ರತ್ನಮ್ಮನ ಹೆಬ್ಬೆಟ್ಟು: ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರಕರಣ

ಒಬ್ಬ ಹೆಂಗಸಿನ ಬ್ಯಾಂಕ್ ಖಾತೆಯಿಂದ ದುಡ್ಡು ಮಾಯವಾದ ಪ್ರಕರಣ ಇದು. ಇಲ್ಲಿರುವ ಹೆಸರುಗಳು ನಿಜವಾದವಲ್ಲ. ಊರಿನ ಹೆಸರು ಹೇಳುವುದಿಲ್ಲ, ಬ್ಯಾಂಕಿನದೂ ಇಲ್ಲ. ಗುರುತು ಸಿಗಬಾರದು ಅಂತ ದಿನ, ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಬರೆಯಲೇ ಅಂತ ಕೇಳಿದಾಗ ರತ್ನಮ್ಮ ಒಂದೇ ಷರತ್ತು ಹಾಕಿದರು. "ಬರೀರಿ ಮೇಷ್ಟ್ರೇ. ಆದ್ರೆ ನನ್ನ ಕಾಗದದ ಫೋಟೋ ಮಾತ್ರ ಎಲ್ಲೂ ಹಾಕ್ಬೇಡಿ." ಹಾಕಿಲ್ಲ.

ಹಿನ್ನೆಲೆ

ರತ್ನಮ್ಮನಿಗೆ ಐವತ್ತಾರು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ದೊಡ್ಡ ಮಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದ. ಚಿಕ್ಕ ಮಗ, ಸೊಸೆ ಊರಲ್ಲೇ ಇದ್ದರು. ರತ್ನಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಫೇಸ್‌ಬುಕ್ ಇಲ್ಲ, ವಾಟ್ಸಾಪ್ ಇಲ್ಲ, ಎಟಿಎಂ ಕಾರ್ಡ್ ಕೂಡ ಇಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ, ರೇಷ್ಮೆ ಗೂಡು ಮಾರಿದ ದುಡ್ಡು ಎಲ್ಲ ಒಂದೇ ಖಾತೆಗೆ ಬೀಳುತ್ತಿತ್ತು. ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವ ಬ್ಯಾಂಕ್ ಮಿತ್ರ ಮಂಜುವಿನ ಅಂಗಡಿಗೆ ಹೋಗಿ, ಹೆಬ್ಬೆಟ್ಟು ಒತ್ತಿ ಬೇಕಾದಷ್ಟು ಬಿಡಿಸಿಕೊಳ್ಳುತ್ತಿದ್ದರು.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪಂಚಾಯ್ತಿ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ದಿನ ಕೂತು ಜನರ ಅರ್ಜಿ, ಮೊಬೈಲಿನ ತೊಂದರೆಗಳನ್ನು ನೋಡುತ್ತೇನೆ. ಅಂತರ್ಜಾಲದಲ್ಲಿ ಹುಷಾರಾಗಿರಿ ಅಂತ ಕಾಲೇಜು ಹುಡುಗರಿಗೆ ಹೇಳುತ್ತಿದ್ದೆ. ರತ್ನಮ್ಮನಂಥವರಿಗೆ ಆ ಮಾತು ಬೇಕಾಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಇಂಟರ್‌ನೆಟ್ಟನ್ನೇ ಮುಟ್ಟದವರ ಹೆಜ್ಜೆ ಗುರುತು ಅಲ್ಲಿ ಎಲ್ಲಿ ಬರಬೇಕು ಅಂದುಕೊಂಡಿದ್ದೆ. ಅವರು ಹೋಗದಿದ್ದರೂ ಅವರ ಕಾಗದಗಳು ಹೋಗಿರುತ್ತವೆ. ಹೋಗಿದ್ದವು.

ಪಾಸ್‌ಬುಕ್ಕಿನ ಮೂರು ಸಾಲು

2024ರ ಮಳೆಗಾಲ. ಒಂದು ಮಂಗಳವಾರ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹರಾಜಾಯಿತು. ಬುಧವಾರ ಖಾತೆಗೆ 34,000 ಬಿತ್ತು. ದುಡ್ಡು ಅಲ್ಲೇ ಇರಲಿ, ಮುಂದಿನ ಬೆಳೆಗೆ ಬೇಕಾಗುತ್ತೆ ಅಂತ ಅವರು ಮುಟ್ಟಲಿಲ್ಲ. ಹುಳುಮನೆ ತೊಳೆದರು, ಹುಳು ಗೂಡು ಕಟ್ಟುವ ಚಂದ್ರಿಕೆ ಬಿಸಿಲಿಗೆ ಹಾಕಿದರು, ಎಳೆಯ ಚಾಕಿ ಹುಳು ತಂದರು. ಎರಡು ವಾರ ಕಳೆದ ಮೇಲೆ ಒಂದು ಗುರುವಾರ, ಸೊಪ್ಪು ಕುಯ್ಯುವ ಆಳುಗಳಿಗೆ ಕೂಲಿ ಕೊಡಬೇಕಿತ್ತು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದರು. ಗೂಡಿನ ದುಡ್ಡು ಬಿದ್ದ ವಾರದಲ್ಲೇ ಶುಕ್ರವಾರ 10,000, ಅದೇ ದಿನ ಮತ್ತೆ 10,000, ಶನಿವಾರ 9,500 ಹೋಗಿತ್ತು. ಒಟ್ಟು 29,500.

ಕೌಂಟರಿನಲ್ಲಿ ಕೇಳಿದ್ದಕ್ಕೆ ಬಂದ ಉತ್ತರ: "ಆಧಾರ್‌ನಲ್ಲಿ ಬಿಡಿಸಿದ್ದೀರಿ ಅಮ್ಮ, ನಿಮ್ಮ ಬೆರಳಿಲ್ಲದೆ ದುಡ್ಡು ಬರೋದೇ ಇಲ್ಲ. ಮನೇಲಿ ಯಾರೋ ಕರ್ಕೊಂಡು ಹೋಗಿ ಒತ್ತಿಸಿರ್ತಾರೆ, ಕೇಳಿ ನೋಡಿ."

ದುಡ್ಡು ಹೋದದ್ದಕ್ಕಿಂತ ಈ ಮಾತು ಮಾಡಿದ ಗಾಯ ದೊಡ್ಡದು. ಬರವಣಿಗೆಯಲ್ಲಿ ದೂರು ಕೊಡದೆ, ಅದೇ ಮಾತು ಕಟ್ಟಿಕೊಂಡು ಮನೆಗೆ ಬಂದರು. ಚಿಕ್ಕ ಮಗ ಹಿಂದಿನ ತಿಂಗಳು ಬೈಕಿನ ಕಂತಿಗೆ ದುಡ್ಡು ಕೇಳಿದ್ದ. ಅನುಮಾನ ಮೊದಲು ಅವನ ಮೇಲೆ ಹೋಯಿತು. ಅವನು ತಟ್ಟೆ ಬಿಟ್ಟು ಎದ್ದು ಹೋದ. ಸೊಸೆ ತವರಿಗೆ ಹೊರಟು ನಿಂತಳು. ಆಮೇಲೆ ಸಂಬಂಧಿಕರೊಬ್ಬರು ಮಂಜುವಿನ ಹೆಸರೆತ್ತಿದರು. ತಿಂಗಳು ತಿಂಗಳು ಬೆರಳು ಒತ್ತಿಸಿಕೊಳ್ಳುವವನು ಅವನೇ ಅಲ್ವಾ? ಮಾರನೇ ದಿನ, ಶುಕ್ರವಾರ ಸಂಜೆಗೆ ಅವನ ಅಂಗಡಿ ಮುಂದೆ ಹತ್ತು ಜನ ಸೇರಿದ್ದರು.

ಮಂಜು ಬಾಗಿಲು ಹಾಕಿಕೊಂಡು ಓಡಲಿಲ್ಲ. ತನ್ನ ಯಂತ್ರದ ಆಪ್ ತೆಗೆದು ದುಡ್ಡು ಹೋದ ಆ ಎರಡು ದಿನದ ವ್ಯವಹಾರದ ಪಟ್ಟಿಯನ್ನು ಎಲ್ಲರ ಮುಂದೆ ಹಿಡಿದ. ರತ್ನಮ್ಮನ ಹೆಸರು ಅದರಲ್ಲಿರಲಿಲ್ಲ. "ನಂಬಿಕೆ ಇಲ್ಲ ಅಂದ್ರೆ ಮೇಷ್ಟ್ರನ್ನ ಕೇಳಿ" ಅಂತ ಶನಿವಾರ ಬೆಳಗ್ಗೆ ಅವನೇ ರತ್ನಮ್ಮನನ್ನು ಗ್ರಂಥಾಲಯಕ್ಕೆ ಕರೆತಂದ. ಈ ಪ್ರಕರಣದಲ್ಲಿ ತಿರುವುಗಳು ಮೂರೋ ನಾಲ್ಕೋ ಇವೆ. ನನ್ನ ಲೆಕ್ಕದಲ್ಲಿ ಮೊದಲನೆಯದು ಇದೇ.

ಬೆರಳಿಲ್ಲದೆ ಬೆರಳು

ಮೊದಲು ಈ ವ್ಯವಸ್ಥೆ ಹೇಗೆ ಅಂತ ಅವರಿಗೆ ಹೇಳಬೇಕಾಯಿತು. ಎಇಪಿಎಸ್ ಅಂದರೆ ಆಧಾರ್ ಮೂಲಕ ದುಡ್ಡು ಬಿಡಿಸುವ ದಾರಿ. ಇದಕ್ಕೆ ಬೇಕಾದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬರುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 10,000. ಓದು ಬರಹ ಇಲ್ಲದವರಿಗೂ ಊರಲ್ಲೇ ದುಡ್ಡು ಸಿಗಲಿ ಅಂತ ಮಾಡಿದ್ದು, ಲಕ್ಷಾಂತರ ಜನಕ್ಕೆ ಅನುಕೂಲವೂ ಆಗಿದೆ. ಆದರೆ ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ಸಿಲಿಕೋನ್ ಬೆರಳು ಮಾಡುವ ಕಳ್ಳರಿದ್ದಾರೆ. 2018ರಲ್ಲೇ ತೆಲಂಗಾಣದಲ್ಲಿ ಭೂ ನೋಂದಣಿ ದಾಖಲೆಗಳ ಬೆರಳಚ್ಚು ನಕಲು ಮಾಡಿ ಸಿಮ್ ಚಾಲೂ ಮಾಡಿದ್ದು ಸಿಕ್ಕಿಬಿದ್ದಿತ್ತು. 2023ರಲ್ಲಿ ಕರ್ನಾಟಕದಲ್ಲೂ ನೋಂದಣಿ ಪತ್ರಗಳ ಬೆರಳಚ್ಚಿನಿಂದ ಖಾತೆ ಖಾಲಿ ಮಾಡಿದ ಪ್ರಕರಣಗಳು ಬೆಳಕಿಗೆ ಬಂದವು. ಆಮೇಲೆಯೇ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕೆಲಸ ನಡೆದದ್ದು.

ರತ್ನಮ್ಮ ಇದನ್ನೆಲ್ಲ ಕೇಳಿ ತಮ್ಮ ಹೆಬ್ಬೆಟ್ಟು ತಿರುಗಿಸಿ ನೋಡಿಕೊಂಡರು. ನಲವತ್ತು ವರ್ಷ ಕುಡುಗೋಲು ಹಿಡಿದು ಸೊಪ್ಪು ಕುಯ್ದ ಬೆರಳು. ಗೆರೆ ಸವೆದು, ನಡುವೆ ಹಳೇ ಗಾಯದ ಒಂದು ಅಡ್ಡ ಗೀಟು. "ರೇಷನ್ ಅಂಗಡೀಲಿ ನಾಲ್ಕು ಸಲ ಒತ್ತಿದ್ರೂ ನನ್ನ ಬೆರಳು ನನಗೇ ಹತ್ತಲ್ಲ ಮೇಷ್ಟ್ರೇ. ಅವನ್ಯಾವನಿಗೋ ಹೆಂಗೆ ಹತ್ತಿತು?"

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರನೇ ದಿನ ಅದೇ ಕೈಹಿಡಿಯಿತು.

ಏನು ಮಾಡಿದೆವು

ಶನಿವಾರವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಸೈಬರ್ ಅಪರಾಧದ ರಾಷ್ಟ್ರೀಯ ಜಾಲತಾಣದಲ್ಲೂ ದಾಖಲಿಸಿದೆವು. ಹದಿನೈದು ದಿನ ಆಗಿದ್ದರಿಂದ ದುಡ್ಡನ್ನು ದಾರಿಯಲ್ಲೇ ತಡೆಯುವ ಕಾಲ ಮೀರಿತ್ತು. ಆದರೂ ದೂರಿನ ಸಂಖ್ಯೆ ಸಿಕ್ಕಿತು. ಮುಂದೆ ಪ್ರತಿ ಕಡೆಯೂ ಕೇಳಿದ್ದು ಅದನ್ನೇ. ಸೈಬರ್ ಅಪರಾಧ ನೋಡುವ ಚಿಕ್ಕಬಳ್ಳಾಪುರದ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬಂದೆವು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಮೂರು ಸಲ ದುಡ್ಡು ಹೋದಾಗ ಮೆಸೇಜ್ ಯಾಕೆ ಬರಲಿಲ್ಲ? ಪಾಸ್‌ಬುಕ್ಕಿನಲ್ಲಿದ್ದ ಮೊಬೈಲ್ ಸಂಖ್ಯೆ ತೀರಿಕೊಂಡ ಗಂಡನದು. ಆ ಸಿಮ್‌ಗೆ ಯಾರೂ ದುಡ್ಡು ಹಾಕಿಸಿರಲಿಲ್ಲ. ಹೀಗೆ ನಿಂತುಹೋದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ನಾನು ಆ ಸಂಖ್ಯೆಗೆ ಫೋನ್ ಮಾಡಿದೆ. ಕಲಬುರಗಿ ಕಡೆಯ ಹುಡುಗನೊಬ್ಬ ಎತ್ತಿದ.

"ಈ ನಂಬರ್ ನಂದೇ ಅದ ರೀ ಸರ್, ಒಂದೂವರೆ ವರ್ಷ ಆತು. ನಿಮ್ಮ ಬ್ಯಾಂಕಿನ ಮೆಸೇಜ್ ಬರ್ತಾನೇ ಇರ್ತಾವ. ಯಾರದೋ ಏನೋ ಅಂತ ಬಿಟ್ಟೀನಿ."

ಒಂದೂವರೆ ವರ್ಷ ರತ್ನಮ್ಮನ ಖಾತೆಗೆ ಎಷ್ಟು ಬಂತು, ಎಷ್ಟು ಉಳಿಯಿತು ಅನ್ನುವುದೆಲ್ಲ ಮುಖ ನೋಡದ ಒಬ್ಬ ಹುಡುಗನ ಫೋನಿಗೆ ಹೋಗಿತ್ತು. ಅವನು ಒಳ್ಳೆಯವನು, ನಮ್ಮ ಪುಣ್ಯ. ವಿಷಯ ಹೇಳಿದ ಮೇಲೆ ಹುಡುಕಿ, ಆ ಮೂರು ಮೆಸೇಜ್‌ಗಳ ಚಿತ್ರ ಕಳಿಸಿಕೊಟ್ಟ. ಅವುಗಳಲ್ಲಿ ನಿಮಿಷದ ಸಮೇತ ವೇಳೆ ಇತ್ತು.

ಭಾನುವಾರ ದೊಡ್ಡ ಮಗ ಪೀಣ್ಯದಿಂದ ಬಂದ. ಆಧಾರ್‌ಗೆ ಜೋಡಿಸಿದ್ದ ಸಂಖ್ಯೆ ಅವನದು. ಶನಿವಾರವೇ ಫೋನಿನಲ್ಲಿ ಓಟಿಪಿ ಕೇಳಿ ಪಡೆಯಬಹುದಿತ್ತು, ಅವನೂ ಹೇಳಲು ತಯಾರಿದ್ದ. ನಾನು ಒಪ್ಪಲಿಲ್ಲ. ಫೋನಿನಲ್ಲಿ ಓಟಿಪಿ ಹೇಳುವ ಅಭ್ಯಾಸ ನನ್ನಿಂದಲೇ ಶುರುವಾಗುವುದು ಬೇಡ ಅನ್ನಿಸಿತು. ಒಂದು ದಿನ ತಡವಾದರೂ ಅವನೇ ಬಂದು, ತಾಯಿಯ ಪಕ್ಕದಲ್ಲಿ ಕೂತು, ತನ್ನ ಫೋನಿನಲ್ಲೇ ತೆಗೆಯಲಿ ಅಂದೆ. ಈಗಲೂ ಅದು ಸರಿಯಾದ ನಿರ್ಧಾರವೆಂದೇ ನಂಬಿದ್ದೇನೆ.

ಆಧಾರ್ ಜಾಲತಾಣದಲ್ಲಿ ದೃಢೀಕರಣದ ಇತಿಹಾಸ ಅಂತ ಒಂದು ಭಾಗವಿದೆ. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅನ್ನುವುದನ್ನು, ಹೆಚ್ಚೆಂದರೆ 50 ದಾಖಲೆಗಳಷ್ಟು ತೋರಿಸುತ್ತದೆ. ಬೆರಳೋ ಓಟಿಪಿಯೋ, ಎಷ್ಟು ಗಂಟೆಗೆ, ಹತ್ತಿತೋ ಇಲ್ಲವೋ ಎಲ್ಲ ಇರುತ್ತದೆ. ರತ್ನಮ್ಮನ ಪಟ್ಟಿ ನೋಡುತ್ತಾ ಹೋದೆವು. ರೇಷನ್ ದಿನ: ವಿಫಲ, ವಿಫಲ, ವಿಫಲ, ಸಫಲ. ಮಂಜುವಿನ ಅಂಗಡಿಯ ದಿನ: ವಿಫಲ, ವಿಫಲ, ಸಫಲ. ಪ್ರತಿ ತಿಂಗಳೂ ಹೀಗೇ. ಆ ಶುಕ್ರವಾರ: ಸಫಲ. ಮತ್ತೆ ಸಫಲ. ಶನಿವಾರ: ಸಫಲ.

ಆರು ತಿಂಗಳಲ್ಲಿ ಒಂದು ದಿನವೂ ಮೊದಲ ಸಲಕ್ಕೆ ಹತ್ತದ ಬೆರಳು ಆ ಎರಡು ದಿನ ಮಾತ್ರ ಮೂರಕ್ಕೆ ಮೂರೂ ಮೊದಲ ಒತ್ತಿಗೇ ಹತ್ತಿತ್ತು. ಚಿಕ್ಕ ಮಗನೂ ಅಲ್ಲೇ ನಿಂತಿದ್ದ. ರತ್ನಮ್ಮ ಅವನ ಕೈ ಹಿಡಿದುಕೊಂಡರು. ಮಾತಾಡಲಿಲ್ಲ.

ಒಂದು ಪ್ರಶ್ನೆಯ ಅರ್ಜಿ

ಸೋಮವಾರ ಬ್ಯಾಂಕಿಗೆ ಹೋದೆವು. ಈ ಸಲ ಎರಡು ಪ್ರತಿ ಅರ್ಜಿ ಇತ್ತು. ಒಂದರ ಮೇಲೆ ಮುದ್ರೆ, ಸಹಿ, ತಾರೀಖು ಹಾಕಿಸಿಕೊಂಡೇ ಬಂದೆವು. ಪಾಸ್‌ಬುಕ್ ನೋಡಿದ ದಿನ ಬಿಟ್ಟು ಅದು ಮೂರನೇ ಕೆಲಸದ ದಿನ. ಆಗ ಜಾರಿಯಲ್ಲಿದ್ದ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಬೇರೆ ಕಡೆ ಆಗಿದ್ದರೆ, ಬ್ಯಾಂಕಿನಿಂದ ವಿಷಯ ತಿಳಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಮೇಲೆ ನಷ್ಟದ ಹೊಣೆ ಬರುತ್ತಿರಲಿಲ್ಲ. ಇನ್ನೂ ಮುಖ್ಯವಾದ ಮಾತು ಅದರಲ್ಲೇ ಇತ್ತು: ಗ್ರಾಹಕರ ಹೊಣೆ ಇದೆ ಅಂತ ಸಾಬೀತು ಮಾಡಬೇಕಾದದ್ದು ಬ್ಯಾಂಕು. ಎಷ್ಟು ಜನರಿಗೆ ಇದು ಗೊತ್ತು? "ನೀವೇ ಒತ್ತಿದ್ದೀರಿ" ಅಂದ ಕೂಡಲೇ ತಲೆ ತಗ್ಗಿಸಿ ಬಂದುಬಿಡುತ್ತೇವೆ.

ನಾನು ಮೊದಲು ಎರಡು ಪುಟದ ಅರ್ಜಿ ಬರೆದಿದ್ದೆ, ಕಷ್ಟ ಸುಖವೆಲ್ಲ ತುಂಬಿ. ದೊಡ್ಡ ಮಗ ಓದಿ, "ಸಾರ್, ಇದ್ರಲ್ಲಿ ಕೇಳಿರೋದು ಏನು?" ಅಂದ. ಸರಿ ಅನ್ನಿಸಿತು. ಹರಿದು ಹಾಕಿ ಅರ್ಧ ಪುಟ ಬರೆದೆವು. ಕೇಳಿದ್ದು ಒಂದೇ: ಈ ಮೂರು ವ್ಯವಹಾರ ಯಾವ ಯಂತ್ರದಲ್ಲಿ, ಯಾವ ಊರಲ್ಲಿ ಆದವು?

ಬ್ಯಾಂಕು ಇಪ್ಪತ್ತಾರನೇ ದಿನ ಉತ್ತರ ಕೊಟ್ಟಿತು. ಬೆರಳಚ್ಚು ಹೊಂದಿದೆ, ನೋಂದಾಯಿತ ಸಂಖ್ಯೆಗೆ ಮೆಸೇಜ್ ಹೋಗಿದೆ, ದೂರು ಮುಕ್ತಾಯ. ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ಮೆಸೇಜಿನ ವಿಷಯದಲ್ಲಿ ಅವರ ಮಾತಿನಲ್ಲೂ ಅರ್ಥವಿತ್ತು, ಸಂಖ್ಯೆ ಬದಲಿಸದೆ ಇದ್ದದ್ದು ನಮ್ಮ ಕಡೆಯ ಲೋಪವೇ. ರತ್ನಮ್ಮ ಸುಮ್ಮನಾಗಿಬಿಡೋಣ ಅಂದರು. ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿದ್ದವು. ಆ ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು, ಮನೆ ಬಿಟ್ಟು ಕದಲುವಂತಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಗೂಡು ಕಟ್ಟಿದ ಮೇಲೆ ಅವರೇ ಬಂದು, "ಮಂಜು ಮುಖ ನೋಡೋಕಾಗ್ತಿಲ್ಲ, ಯಾವೂರಲ್ಲಿ ಆಗಿದ್ದು ಅಂತಾದ್ರೂ ಗೊತ್ತಾಗ್ಬೇಕು" ಅಂದರು. ಆಗ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆವು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿ ಕೇಳಲು 14448 ಇದೆ. ದೃಢೀಕರಣದ ಪಟ್ಟಿ, ಕಲಬುರಗಿ ಹುಡುಗನ ಮೆಸೇಜ್ ಚಿತ್ರ, ಮುದ್ರೆ ಬಿದ್ದ ಅರ್ಜಿ, 1930ರ ದೂರಿನ ಸಂಖ್ಯೆ ಎಲ್ಲ ಲಗತ್ತಿಸಿದೆವು.

ಆಮೇಲೆ ಯಂತ್ರದ ವಿವರ ಹೊರಗೆ ಬಂತು. ಮೂರೂ ವ್ಯವಹಾರ ಬೇರೆ ರಾಜ್ಯದ ಒಂದು ಅಂಗಡಿಯಲ್ಲಿ ಆಗಿದ್ದವು. ರತ್ನಮ್ಮ ಜೀವನದಲ್ಲಿ ತಿರುಪತಿ ಬಿಟ್ಟು ಆಚೆ ಹೋದವರಲ್ಲ.

ದೂರು ಕೊಟ್ಟ ಐದನೇ ತಿಂಗಳು 29,500 ಖಾತೆಗೆ ವಾಪಸ್ ಬಂತು. ನಡುವೆ ಮುಂದಿನ ಬೆಳೆಗೆ ಅಂತ ಅವರು 20,000 ಕೈಸಾಲ ಮಾಡಿದ್ದರು, ಮೂರು ರೂಪಾಯಿ ಬಡ್ಡಿಗೆ. ಐದು ತಿಂಗಳಿಗೆ 3,000 ಬಡ್ಡಿ ಕಟ್ಟಿದರು. ಅದನ್ನು ಯಾರೂ ತುಂಬಿಕೊಡಲಿಲ್ಲ. ಕಳ್ಳ ಸಿಕ್ಕಿಲ್ಲ. ಬೆರಳಚ್ಚು ಎಲ್ಲಿಂದ ಹೋಯಿತು ಅನ್ನುವುದಕ್ಕೂ ಸಾಕ್ಷಿ ಇಲ್ಲ, ಹಾಗಾಗಿ ಯಾರ ಮೇಲೂ ಬೆರಳು ತೋರಿಸಲಾರೆ.

ಟ್ರಂಕಿನಿಂದ ಹೊರಟ ಲೆಕ್ಕ

ದುಡ್ಡು ಬರುವುದಕ್ಕೆ ಮೊದಲೇ ಇನ್ನೊಂದು ಕೆಲಸ ಶುರು ಮಾಡಿದ್ದೆವು. ರತ್ನಮ್ಮ ಟ್ರಂಕಿನಿಂದ ಕಾಗದದ ಪ್ಲಾಸ್ಟಿಕ್ ಕವರ್ ತೆಗೆದು ಚಾಪೆ ಮೇಲೆ ಸುರಿದರು. ಎರಡು ಮೂರು ವರ್ಷದಲ್ಲಿ ಆಧಾರ್ ಜೆರಾಕ್ಸ್ ಯಾರು ಯಾರಿಗೆ ಕೊಟ್ಟಿದ್ದೀರಿ ಅಂತ ನೆನಪು ಮಾಡಿಸುತ್ತಾ ಹೋದೆ. ಸ್ತ್ರೀಶಕ್ತಿ ಸಂಘ, ಸಾಲದ ಅರ್ಜಿ, ಗ್ಯಾಸ್, ಹನಿ ನೀರಾವರಿ ಸಬ್ಸಿಡಿ, ಮೊಮ್ಮಗಳ ಶಾಲೆ, ಜಾತ್ರೆಯಲ್ಲಿ ಛತ್ರಿ ಕೆಳಗೆ ಕೂತು ಸಿಮ್ ಮಾರುತ್ತಿದ್ದವನು, ಗಂಡನ ಮರಣ ಪತ್ರ, ಪೌತಿ ಖಾತೆ... ಹದಿನಾಲ್ಕು ಕಡೆ ಆಯಿತು. ಸಂಖ್ಯೆ, ಹೆಬ್ಬೆಟ್ಟಿನ ಗುರುತು ಎರಡೂ ಒಂದೇ ಕಾಗದದಲ್ಲಿದ್ದದ್ದು ಒಂದೇ ಕಡೆ: 2022ರಲ್ಲಿ ಪಕ್ಕದವರಿಗೆ ನಾಲ್ಕು ಗುಂಟೆ ಮಾರಿದ ಕ್ರಯಪತ್ರ.

ಒಂದೊಂದೇ ಕಡೆ ಹೋಗಿ ಕೇಳಿದೆವು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಫೋಲ್ಡರ್ ತೆಗೆಸಿದೆ. ರತ್ನಮ್ಮನ ಆಧಾರ್ ಅಲ್ಲೇ ಇತ್ತು. ನನ್ನದೂ ಇತ್ತು. ಊರಿಗೆ ಊರೇ ಅಲ್ಲಿತ್ತು. ಅಂಗಡಿ ಹುಡುಗ ಕೆಟ್ಟವನಲ್ಲ, "ಮತ್ತೆ ಕೇಳ್ಕೊಂಡು ಬರ್ತಾರೆ ಸಾರ್, ಇರ್ಲಿ ಅಂತ ಇಟ್ಟಿದ್ದೆ" ಅಂದ. ಇದೆಲ್ಲ ಯಾಕೆ ಇಷ್ಟು ದೊಡ್ಡದು ಮಾಡ್ತೀರಿ ಅಂತಲೂ ಕೇಳಿದ. ಅವನಿಗೆ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಕತೆ ಹೇಳಿದೆ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಾಧೀಶರಾಗಿದ್ದವರು. ಎಂಬತ್ತಾರನೇ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಟ್ಟಾಗಿ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ರತ್ನಮ್ಮನಿಗೂ ಆ ಹಕ್ಕಿದೆ, ನಿನಗೂ ಇದೆ ಅಂದೆ. ಹುಡುಗ ನಮ್ಮ ಮುಂದೆಯೇ ಫೋಲ್ಡರ್ ಖಾಲಿ ಮಾಡಿದ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಈಗ ದಿನಾ ಸಂಜೆ ಬಾಗಿಲು ಹಾಕುವ ಮೊದಲು ಮಾಡುತ್ತಾನಂತೆ.

ಸಂಘದ ವಾಟ್ಸಾಪ್ ಗುಂಪು ಕಷ್ಟವಾಯಿತು. ಸಾಲದ ಅರ್ಜಿಗಳ ಫೋಟೋ ಎಲ್ಲ ಅದರಲ್ಲೇ ಓಡಾಡಿದ್ದವು, ಆಧಾರ್, ಖಾತೆ ಸಂಖ್ಯೆ ಸಮೇತ. ಕಳಿಸಿ ಎರಡು ದಿನ ದಾಟಿ ಕೆಲವು ಗಂಟೆಯಾದರೆ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ಇರುವುದಿಲ್ಲ. ಸಂಘದ ವಾರದ ಸಭೆಯಲ್ಲಿ ಎಲ್ಲರಿಗೂ ಕೂತಲ್ಲೇ ಗ್ಯಾಲರಿ ತೆಗೆಸಿ ಅಳಿಸಿಸಿದೆವು. ಬಂದಿದ್ದವರು ಅಳಿಸಿದರು. ಬಾರದವರ ಫೋನಿನಲ್ಲಿ ಇದ್ದೇ ಇರುತ್ತದೆ. ಸಂಚಾರ್ ಸಾಥಿ ತಾಣದಲ್ಲಿ ರತ್ನಮ್ಮನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿದಾಗ ಅವರಿಗೆ ಗೊತ್ತೇ ಇಲ್ಲದ ಒಂದು ಸಂಖ್ಯೆ ಸಿಕ್ಕಿತು. ಅದು ನನ್ನದಲ್ಲ ಅಂತ ಅಲ್ಲೇ ದಾಖಲಿಸಿದೆವು. ಬ್ಯಾಂಕಿನಲ್ಲಿ ಗಂಡನ ಸಂಖ್ಯೆ ತೆಗೆಸಿ ಅವರದೇ ಹಾಕಿಸಿದ್ದು ಇದೆಲ್ಲಕ್ಕಿಂತ ಮೊದಲು.

ಕ್ರಯಪತ್ರವನ್ನು ಮಾತ್ರ ವಾಪಸ್ ತರುವಂತಿಲ್ಲ. ಪಿನ್ ಆದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸೋಕಾಗುತ್ತಾ? ಇಲ್ಲಿ ನನ್ನ ಒಂದು ತಪ್ಪನ್ನು ಬರೆಯಲೇಬೇಕು. ಎಲ್ಲರೂ ಹೇಳುವ ಉಪಾಯವನ್ನೇ ನಾನೂ ಹೇಳಿದೆ: ಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ಬೆರಳಿನ ಗುರುತಿಗೆ ಬೀಗ ಹಾಕಿ. ಮಾಡಿಸಿದೆವು. ಮುಂದಿನ ತಿಂಗಳು ರೇಷನ್ ಅಂಗಡಿಯಲ್ಲಿ ಬೆರಳು ಹತ್ತಲೇ ಇಲ್ಲ. ಬೀಗ ತೆಗೆಯಲು ದೊಡ್ಡ ಮಗನ ಫೋನಿಗೆ ಓಟಿಪಿ ಹೋಗಬೇಕು, ಅವನು ಕಾರ್ಖಾನೆಯ ಪಾಳಿಯಲ್ಲಿದ್ದಾನೆ, ಒಳಗೆ ಫೋನ್ ಬಿಡುವುದಿಲ್ಲ. ರತ್ನಮ್ಮ ಚೀಲ ಹಿಡಿದುಕೊಂಡು ಮಧ್ಯಾಹ್ನದವರೆಗೆ ನಿಂತು ಬರಿಗೈಲಿ ಬಂದರು. ಸ್ಮಾರ್ಟ್‌ಫೋನ್ ಕೈಯಲ್ಲಿರುವವರಿಗೆ ಲಾಕ್ ಒಳ್ಳೆಯದು, ಖಂಡಿತ ಮಾಡಿ. ತಿಂಗಳಿಗೆ ಎರಡು ಸಲ ಬೆರಳೇ ಆಧಾರವಾಗಿರುವ, ಓಟಿಪಿಗೆ ಇನ್ನೊಬ್ಬರನ್ನು ಕಾಯುವ ಹೆಂಗಸಿಗೆ ಅದು ಅನ್ನದ ಮೇಲೇ ಬೀಗ ಹಾಕಿದ ಹಾಗೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಲಾಕ್ ತೆಗೆಸಿ ಬೇರೆ ದಾರಿ ಹಿಡಿದೆವು. ಹಳೇ ಖಾತೆ ಗೃಹಲಕ್ಷ್ಮಿಗೆ ಮಾತ್ರ, ಬಂದ 2,000 ಬಂದ ವಾರವೇ ಬಿಡಿಸಿಬಿಡುವುದು. ಗೂಡಿನ ದುಡ್ಡಿಗೆ ಇನ್ನೊಂದು ಬ್ಯಾಂಕಿನಲ್ಲಿ ಹೊಸ ಖಾತೆ, ಮತದಾರರ ಚೀಟಿ ಕೊಟ್ಟು ತೆಗೆದದ್ದು, ಆಧಾರ್ ಜೋಡಿಸದೆ. ಆಧಾರ್ ಇಲ್ಲದೆ ಆಗಲ್ಲ ಅಂತ ಅಲ್ಲಿ ಮೊದಲು ಹೇಳಿದರು. ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ ಅಂತ ದೊಡ್ಡ ಮಗ ಸಮಾಧಾನವಾಗಿ ವಿವರಿಸಿದ ಮೇಲೆ ಒಪ್ಪಿದರು. ಆ ಖಾತೆಯ ದುಡ್ಡು ಬೇಕಾದರೆ ಬ್ಯಾಂಕಿಗೇ ಹೋಗಿ ಚೀಟಿ ಬರೆಯಬೇಕು. ಬಸ್ಸಿನಲ್ಲಿ ಹೋಗಿ ಬರಲು ಅರ್ಧ ದಿನ ಬೇಕು. ಪರವಾಗಿಲ್ಲ ಅನ್ನುತ್ತಾರೆ ರತ್ನಮ್ಮ.

ಯಾರಾದರೂ ಆಧಾರ್ ಕೇಳಿದರೆ ಈಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡುತ್ತಾರೆ. ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಮೊಮ್ಮಗಳ ಕೈಲಿ ಅಡ್ಡಕ್ಕೆ ಬರೆಸುತ್ತಾರೆ. ಒಂದೆರಡು ಕಡೆ ಪೂರ್ತಿ ಸಂಖ್ಯೆಯೇ ಬೇಕು ಅಂದಿದ್ದಾರೆ, ಅಲ್ಲಿ ಯಾಕೆ ಅಂತ ಕೇಳಿಯೇ ಕೊಟ್ಟಿದ್ದಾರೆ. ಮನೆಯ ಟ್ಯೂಬ್‌ಲೈಟ್ ಪಕ್ಕದಲ್ಲಿ ಒಂದು ಹಳೇ ನೋಟ್‌ಬುಕ್ ನೇತುಹಾಕಿದ್ದಾರೆ. ಹದಿನಾಲ್ಕು ಹೆಸರಿದ್ದ ಪಟ್ಟಿ ಅದರಲ್ಲೇ ಮುಂದುವರಿದಿದೆ.

ಹೋದ ತಿಂಗಳು ಮಂಜುವಿನ ಅಂಗಡಿಯಲ್ಲಿ ನಾನೂ ಇದ್ದೆ. ರತ್ನಮ್ಮ ಬಂದು ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟರು. ಹತ್ತಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು, ಹತ್ತಲಿಲ್ಲ. ಮಂಜು ಒದ್ದೆ ಬಟ್ಟೆ ಕೊಟ್ಟ. ಮೂರನೇ ಸಲ ಯಂತ್ರ ಸದ್ದು ಮಾಡಿತು. ಚೀಟಿ ಹರಿದು ಕೊಡುತ್ತಾ ಅವನು ಉಳಿಕೆ ಎಷ್ಟು ಅಂತ ಓದಿ ಹೇಳಿದ. ಅವರು ಕೇಳಿಸಿಕೊಂಡು, ಚೀಟಿ ಮಡಿಸಿ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. ಹೊರಡುವಾಗ ಮಂಜುವಿನ ಮಗಳಿಗೆ ಅಂತ ಎರಡು ಸೀಬೆಹಣ್ಣು ಮೇಜಿನ ಮೇಲೆ ಇಟ್ಟು ಹೋದರು.